ಮೃದಂಗದ ಜೊತೆಗೆ ಜಾಝ್ ಕೊಳಲು

ಜಾಝ್ ಕಲಾವಿದರೊಬ್ಬರ ಕೊಳಲು
ಮೃದಂಗ, ಘಟಗಳ ನಡುವೆ ಹೇಗೆ ಬೆರೆಯಿತು?

ಚಾರ್ಲಿ ಮಾರಿಯಾನೊ.
1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದವರು.
ಹೆಸರು ಮಾಡಿದ್ದು ಸ್ಯಾಕ್ಸೊಫೋನಿನಲ್ಲಿ.
ಕೊಳಲನ್ನೂ ನುಡಿಸುತ್ತಿದ್ದರು.
ನಮ್ಮ ನಾಗಸ್ವರವನ್ನೂ ಕಲಿತರು.

ಇತ್ತ ಬೆಂಗಳೂರಿನಲ್ಲಿ,
ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ
ಕರ್ನಾಟಕ ಕಾಲೇಜ್ ಆಫ್ ಪರ್ಕಷನ್.
ಮಾರಿಯಾನೊ ಮತ್ತು ಈ ಕಾಲೇಜಿನ ಕಲಾವಿದರು ಕೂಡಿ 1983ರಲ್ಲಿ ತಂದ ಧ್ವನಿಮುದ್ರಿಕೆ ‘ಜ್ಯೋತಿ’.

ಅದರಲ್ಲಿ ಪಿಯಾನೊ ಇಲ್ಲ.
ಡ್ರಮ್‌ಸೆಟ್ಟೂ ಇಲ್ಲ.
ಆರ್.ಎ. ರಮಾಮಣಿಯವರ ಗಾಯನ, ತಂಬೂರಿ.
ಮೃದಂಗ, ಘಟ, ಖಂಜಿರ, ಮೋರ್ಸಿಂಗ್.
ಜೊತೆಗೆ, ಬಾಯಲ್ಲೇ ಲಯದ ಸೊಲ್ಲು ನುಡಿಯುವ ಕೊನ್ನಕ್ಕೋಲ್.

ಜಾಝ್‌ನಲ್ಲಿ ಸ್ವರಮೇಳಗಳು ಬದಲಾಗುತ್ತಾ ಸಾಗುತ್ತವೆ.
ಕರ್ನಾಟಕ ಸಂಗೀತದ ರಾಗ
ಒಂದೇ ಆಧಾರ ಶ್ರುತಿಯ ಮೇಲೆ ಅರಳುತ್ತದೆ.
ಎರಡನ್ನೂ ಬೆಸೆದದ್ದು ಮನೋಧರ್ಮ.
ಅಂದರೆ, ನುಡಿಸುತ್ತಲೇ ಹೊಸದನ್ನು ಕಟ್ಟುವ ಕಲೆ.
ಅದು ಎರಡೂ ಕಡೆಯ ಜೀವಾಳ.

ಉಮ್ಮತ್ತೂರು, ಚಾಮರಾಜನಗರದ ಕಡೆ
ಗೊರವರ ಕುಣಿತ ನೋಡಿದ್ದೀರಾ?
ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಕೊಳಲು.
ನಾದ, ಲಯ ಎರಡೂ ಒಂದೇ ಮೈಯಲ್ಲಿ.
‘ಜ್ಯೋತಿ’ಯಲ್ಲಿ ಉಸಿರು ಮತ್ತು ಪೆಟ್ಟು ಹಾಗೇ ಕೂಡಿವೆ.

ಇದು ಅವಸರದ ಬೆರಕೆಯಲ್ಲ.
ಲಯವನ್ನು ಬಲ್ಲವರು ಲಯವನ್ನು ಬಲ್ಲವರೊಡನೆ ಆಡಿದ ಮಾತು.
ಮಾರಿಯಾನೊ 2009ರಲ್ಲಿ ತೀರಿಕೊಂಡರು.
‘ಜ್ಯೋತಿ’ಯನ್ನು ಒಮ್ಮೆ ಪೂರ್ತಿಯಾಗಿ ಕೇಳಿ.