ನೆರಳಿನಿಂದ ನಿಜರೂಪಕ್ಕೆ: ಜಿ. ಎನ್. ರಾಮಚಂದ್ರನ್ ಅವರ ಸಂಶೋಧನ ಪ್ರಬಂಧಗಳು

ವಿದ್ವಾಂಸನೊಬ್ಬನ ಜೀವಮಾನದ ದುಡಿಮೆಯನ್ನು ಅಳೆಯುವ ಬಗೆ ಯಾವುದು? ಪ್ರಕಟವಾದ ಪ್ರಬಂಧಗಳನ್ನು ಎಣಿಸುವುದು ಸುಲಭವಾದ ದಾರಿ. ಆದರೆ ರಾಶಿಯ ಎತ್ತರವನ್ನು ನೋಡಿ ಕಾಳಿನ ತೂಕವನ್ನು ಹೇಳಲಾಗದು. ಒಬ್ಬನು ಬರೆದದ್ದು ಅವನ ಕಾಲದ ಯಾವ ತೊಡಕನ್ನು ಬಿಡಿಸಿತು, ಬೇರೆಯವರ ಕೈಗೆ ಯಾವ ಉಪಕರಣವನ್ನು ಕೊಟ್ಟಿತು, ಆಕ್ಷೇಪಣೆ ಬಂದಾಗ ಅವನು ಏನು ಮಾಡಿದನು ಎಂಬುದನ್ನು ವಿಚಾರಿಸಿದಾಗಲೇ ಆ ದುಡಿಮೆಯ ಬೆಲೆ ತಿಳಿಯುತ್ತದೆ. ಈ ದೃಷ್ಟಿಯಿಂದ ಪರಿಶೀಲಿಸಲು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರ ಪ್ರಬಂಧಗಳಿಗಿಂತ ಉತ್ತಮವಾದ ನಿದರ್ಶನ ಭಾರತದಲ್ಲಿ ವಿರಳ. ಅಣುಜೀವವಿಜ್ಞಾನ ಮತ್ತು ವೈದ್ಯಕೀಯ ಚಿತ್ರಣ ಎಂಬ ಎರಡು ಕ್ಷೇತ್ರಗಳಲ್ಲಿ ಅವರ ಹೆಸರು ಇಂದಿಗೂ ಪ್ರತಿದಿನವೂ ಬಳಕೆಯಲ್ಲಿದೆ. ಅವರ ಕಾರ್ಯದ ಆರಂಭವೂ ಪ್ರೌಢಾವಸ್ಥೆಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದವು ಎಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ.

ವಿದ್ಯಾಭ್ಯಾಸ

ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ತಂದೆಯವರು ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮಗನಿಗೆ ಗಣಿತದ ರುಚಿ ಹತ್ತಿದ್ದು ಮನೆಯಲ್ಲಿಯೇ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, 1942ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗವನ್ನು ಸೇರಿದರು. ಆದರೆ ಸರ್ ಸಿ. ವಿ. ರಾಮನ್ ಅವರು ಈ ತರುಣನ ಬುದ್ಧಿಯನ್ನು ಗುರುತಿಸಿ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಸೇರಿಸಿಕೊಂಡರು. ಸ್ಫಟಿಕಗಳ ಮೇಲೆ ಬೆಳಕು ಮತ್ತು ಕ್ಷ-ಕಿರಣಗಳ ವರ್ತನೆಯನ್ನು ಅರಿಯುವ ವಿದ್ಯೆ ಅವರಿಗೆ ಇಲ್ಲಿ ಕೈವಶವಾಯಿತು. 1947ರಿಂದ 1949ರವರೆಗೆ ಕೇಂಬ್ರಿಜ್‌ನಲ್ಲಿ ಅಧ್ಯಯನ ನಡೆಸಿ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಮರಳಿದರು. 1952ರಲ್ಲಿ, ಮೂವತ್ತು ವರ್ಷ ತುಂಬುವ ವೇಳೆಗೆ, ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಕೊಲಾಜನ್‌ನ ಮೂರೆಳೆಯ ಹುರಿ

ಅದೇ ಸುಮಾರಿಗೆ ಮದರಾಸಿಗೆ ಬಂದಿದ್ದ ಆಂಗ್ಲ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರೊಡನೆ ನಡೆದ ಮಾತುಕತೆಯಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲವೆಂಬ ವಿಷಯ ಪ್ರಸ್ತಾಪಕ್ಕೆ ಬಂದಿತು. ಚರ್ಮ, ಮೂಳೆ, ಸ್ನಾಯುರಜ್ಜು ಇವುಗಳಿಗೆ ಬಲವನ್ನು ಕೊಡುವುದು ಈ ಕೊಲಾಜನ್. ಸಸ್ತನಿಗಳ ದೇಹದಲ್ಲಿರುವ ಪ್ರೋಟೀನುಗಳಲ್ಲೆಲ್ಲ ಪ್ರಮಾಣದಲ್ಲಿ ಇದೇ ಅಧಿಕ. ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾಲಯದಿಂದ ಕೊಲಾಜನ್‌ನ ಮಾದರಿ ದೊರೆಯಿತು. ಗೋಪೀನಾಥ್ ಕರ್ತಾ ಅವರೊಡನೆ ರಾಮಚಂದ್ರನ್ ಅವರು ಅದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಫಿಲ್ಮಿನ ಮೇಲೆ ಮೂಡಿದ ಕಲೆಗಳಿಂದ ಅಣುವಿನ ಆಕಾರವನ್ನು ಊಹಿಸಲು ತೊಡಗಿದರು.

ರಾಸಾಯನಿಕ ವಿಶ್ಲೇಷಣೆಯಿಂದ ಒಂದು ಸುಳಿವು ಸಿಕ್ಕಿತ್ತು. ಕೊಲಾಜನ್‌ನಲ್ಲಿರುವ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಇದು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇರುವುದಾದರೆ ಮೂರು ಎಳೆಗಳು ಒಂದನ್ನೊಂದು ಹೆಣೆದುಕೊಂಡು, ಇಕ್ಕಟ್ಟಾದ ಮಧ್ಯಭಾಗದಲ್ಲಿ ಈ ಚಿಕ್ಕ ಘಟಕವನ್ನು ಇರಿಸಿಕೊಳ್ಳಬಹುದು ಎಂಬುದು ಅವರ ತರ್ಕ. ಹಗ್ಗ ಹೊಸೆಯುವವನು ಮೂರೆಳೆಯನ್ನು ಹುರಿಗೊಳಿಸುವಂತೆಯೇ ಪ್ರಕೃತಿಯೂ ಇಲ್ಲಿ ಮಾಡಿದೆ. 1954ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಈ ವಿಚಾರದ ಮೊದಲ ಪ್ರಬಂಧವೂ, 1955ರಲ್ಲಿ ಎಳೆಗಳು ತಾವೇ ಸುರುಳಿಯಾಗಿದ್ದು ಪುನಃ ಒಂದನ್ನೊಂದು ಸುತ್ತಿಕೊಂಡಿವೆ ಎಂದು ತಿದ್ದಿದ ಎರಡನೆಯ ಪ್ರಬಂಧವೂ ಪ್ರಕಟವಾದವು.

ಆಕ್ಷೇಪಣೆಯಿಂದ ಹುಟ್ಟಿದ ನಕ್ಷೆ

1955ರಲ್ಲಿಯೇ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಎಂಬ ವಿಜ್ಞಾನಿಗಳು ಈ ರಚನೆಯ ವಿಷಯದಲ್ಲಿ ಆಕ್ಷೇಪಣೆಯನ್ನೆತ್ತಿದರು. ಮೂರು ಎಳೆಗಳ ಹುರಿ ಅವರಿಗೂ ಒಪ್ಪಿಗೆಯೇ. ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಸಲ್ಲದಷ್ಟು ಸಮೀಪದಲ್ಲಿವೆ, ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಎರಡು ಜಲಜನಕ ಬಂಧಗಳಿರಲಾರವು, ಒಂದೇ ಇರಬೇಕು ಎಂಬುದು ಅವರ ವಾದ. ಬಂಧಗಳ ಸಂಖ್ಯೆಯ ವಿಷಯದಲ್ಲಿ ಮುಂದಿನ ಪ್ರಯೋಗಗಳು ಎತ್ತಿಹಿಡಿದದ್ದು ಒಂದನ್ನೇ. ಹುರಿಯ ಮೂಲ ಕಲ್ಪನೆ ಮಾತ್ರ ಸ್ಥಿರವಾಗಿ ನಿಂತಿತು.

ಇಂತಹ ಸಂದರ್ಭದಲ್ಲಿ ವಾದಕ್ಕೆ ಪ್ರತಿವಾದವನ್ನು ಹೂಡುತ್ತ ವರ್ಷಗಳನ್ನು ಕಳೆಯುವುದುಂಟು. ರಾಮಚಂದ್ರನ್ ಅವರು ಹಿಡಿದ ದಾರಿ ಬೇರೆ. ಎರಡು ಪರಮಾಣುಗಳು ಎಷ್ಟು ಸಮೀಪಕ್ಕೆ ಬರಬಲ್ಲವು ಎಂಬ ಮೂಲಪ್ರಶ್ನೆಯನ್ನೇ ಅವರು ಕೈಗೆತ್ತಿಕೊಂಡರು. ಅದುವರೆಗೆ ನಿರ್ಧಾರವಾಗಿದ್ದ ಸ್ಫಟಿಕ ರಚನೆಗಳನ್ನು ಶೋಧಿಸಿ, ಇಂತಿಂತಹ ಪರಮಾಣುಗಳ ನಡುವೆ ಇಷ್ಟಿಷ್ಟು ಕನಿಷ್ಠ ಅಂತರ ಎಂಬ ಪಟ್ಟಿಯನ್ನು ಸಿದ್ಧಪಡಿಸಿದರು.

ಪ್ರೋಟೀನಿನ ಎಳೆಯಲ್ಲಿ ಅಮೈನೋ ಆಮ್ಲಗಳನ್ನು ಕೂಡಿಸುವ ಪೆಪ್ಟೈಡ್ ಬಂಧವು ಚಪ್ಪಟೆಯಾದ ಹಲಗೆಯಂತೆ ಬಿಗಿಯಾದುದು. ಎರಡು ಹಲಗೆಗಳು ಸೇರುವ ಇಂಗಾಲದ ಪರಮಾಣುವಿನ ಬಳಿ ಮಾತ್ರ, ಬಾಗಿಲು ಕೀಲಿನ ಮೇಲೆ ತಿರುಗುವಂತೆ, ತಿರುಗಾಟ ಸಾಧ್ಯ. ಅಲ್ಲಿ ಫೈ ಮತ್ತು ಸೈ ಎಂಬ ಎರಡು ಕೋನಗಳು. ಈ ಎರಡನ್ನು ಹೇಳಿಬಿಟ್ಟರೆ ಆ ಸ್ಥಳದಲ್ಲಿ ಎಳೆಯ ತಿರುವು ನಿರ್ಧಾರವಾದಂತೆಯೇ. ಒಂದು ಕೋನವನ್ನು ಅಡ್ಡಗೆರೆಯ ಮೇಲೂ ಇನ್ನೊಂದನ್ನು ಉದ್ದಗೆರೆಯ ಮೇಲೂ –180ರಿಂದ +180 ಅಂಶಗಳವರೆಗೆ ಗುರುತಿಸಿದಾಗ ಒಂದು ಚೌಕ ಏರ್ಪಡುತ್ತದೆ. ಅದರ ಪ್ರತಿಯೊಂದು ಬಿಂದುವಿನಲ್ಲಿಯೂ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆಯೇ ಎಂದು ಲೆಕ್ಕ ಹಾಕಿದಾಗ, ಗ್ಲೈಸೀನನ್ನು ಬಿಟ್ಟರೆ ಉಳಿದ ಅಮೈನೋ ಆಮ್ಲಗಳಿಗೆ ಚೌಕದ ಕಾಲುಭಾಗಕ್ಕಿಂತಲೂ ಕಡಿಮೆ ಪ್ರದೇಶ ಮಾತ್ರ ಸಲ್ಲುತ್ತದೆ ಎಂಬುದು ಹೊರಬಿದ್ದಿತು. ಪ್ರಕೃತಿಯಲ್ಲಿ ಕಂಡುಬರುವ ಆಲ್ಫಾ ಸುರುಳಿ, ಬೀಟಾ ಹಾಳೆ, ಕೊಲಾಜನ್ ಹುರಿ ಇವೆಲ್ಲವೂ ಆ ಸಣ್ಣ ಪ್ರದೇಶದೊಳಗೇ ಬರುತ್ತವೆ.

ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಬರೆದ ಈ ಪ್ರಬಂಧ 1963ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಪ್ರಕಟವಾಯಿತು. ಅದರ ವಿಸ್ತಾರ ಐದು ಪುಟ ಮಾತ್ರ. ಪ್ರೋಟೀನುಗಳ ಪೂರ್ಣರಚನೆ ಬೆರಳೆಣಿಕೆಯಷ್ಟೂ ತಿಳಿಯದಿದ್ದ ಕಾಲದಲ್ಲಿ, ಕೇವಲ ಅಂತರಗಳ ಲೆಕ್ಕದಿಂದ ಹೊರಟ ಈ ನಿರ್ಣಯವನ್ನು ಅನಂತರ ಕಂಡುಹಿಡಿದ ರಚನೆಗಳು ಒಂದೊಂದಾಗಿ ಸಮರ್ಥಿಸಿದವು. ಇಂದು ಜಗತ್ತಿನ ಪ್ರೋಟೀನ್ ರಚನೆಗಳ ಭಂಡಾರದಲ್ಲಿ ಎರಡು ಲಕ್ಷಕ್ಕೂ ಮಿಗಿಲಾದ ನಮೂದುಗಳಿವೆ. ಹೊಸ ರಚನೆಯನ್ನು ಸಲ್ಲಿಸುವವರು ಅದನ್ನು ರಾಮಚಂದ್ರನ್ ನಕ್ಷೆಗೆ ಒಡ್ಡಿ ಪರೀಕ್ಷಿಸುವುದು ವಾಡಿಕೆಯಾಗಿದೆ. ಚಿನ್ನಕ್ಕೆ ಒರೆಗಲ್ಲು ಹೇಗೋ ಪ್ರೋಟೀನಿಗೆ ಈ ನಕ್ಷೆ ಹಾಗೆ.

ನೆರಳುಗಳನ್ನು ಕೂಡಿಸುವ ಗಣಿತ

1970ರಲ್ಲಿ ರಾಮಚಂದ್ರನ್ ಅವರು ಮದರಾಸನ್ನು ಬಿಟ್ಟರು. 1971ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅವರ ನೇತೃತ್ವದಲ್ಲಿ ಅಣು ಜೀವಭೌತವಿಜ್ಞಾನ ಘಟಕ ಸ್ಥಾಪನೆಯಾಯಿತು. ಅದೇ ವರ್ಷ ಅವರು ಬೇರೊಂದು ಕ್ಷೇತ್ರದಲ್ಲಿ ಹೆಜ್ಜೆಯಿಟ್ಟರು.

ಕ್ಷ-ಕಿರಣದ ಸಾಮಾನ್ಯ ಚಿತ್ರವು ದೇಹದ ನೆರಳು. ಮುಂದಿನ ಅಂಗವೂ ಹಿಂದಿನ ಅಂಗವೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ. ಅನೇಕ ದಿಕ್ಕುಗಳಿಂದ ತೆಗೆದ ನೆರಳುಗಳಿಂದ ಒಳಗಿನ ನಿಜರೂಪವನ್ನು ಕಟ್ಟಬಹುದೇ ಎಂಬುದು ಪ್ರಶ್ನೆ. ಶಾಲೆಯ ಕರಿಹಲಗೆಯ ಮೇಲೆಯೇ ಇದನ್ನು ತೋರಿಸಬಹುದು. ನಾಲ್ಕು ಮನೆಗಳ ಚೌಕದಲ್ಲಿ ಮೇಲೆ 5, 3 ಎಂದೂ ಕೆಳಗೆ 2, 6 ಎಂದೂ ಬರೆದರೆ ಅಡ್ಡಸಾಲುಗಳ ಮೊತ್ತ 8, 8. ಕಂಬಸಾಲುಗಳ ಮೊತ್ತ 7, 9. ಮೇಲೆ 4, 4 ಎಂದೂ ಕೆಳಗೆ 3, 5 ಎಂದೂ ಬರೆದರೂ ಅವೇ ಮೊತ್ತಗಳು. ಎರಡು ದಿಕ್ಕಿನ ನೆರಳಿನಿಂದ ಚೌಕ ಯಾವುದೆಂದು ಹೇಳಲಾಗದು. ಮೂಲೆಯಿಂದ ಮೂಲೆಗೆ ಕೂಡಿಸಿದಾಗ ಮೊದಲನೆಯದು 11, 5; ಎರಡನೆಯದು 9, 7. ಮೂರನೆಯ ದಿಕ್ಕು ದೊರೆತೊಡನೆ ಸಂದೇಹ ಪರಿಹಾರವಾಯಿತು. ದಿಕ್ಕುಗಳು ಹೆಚ್ಚಿದಂತೆ ಮನೆಗಳ ಸಂಖ್ಯೆಯನ್ನೂ ಹೆಚ್ಚಿಸಿ ಸೂಕ್ಷ್ಮವಾದ ಚಿತ್ರವನ್ನು ಪಡೆಯಬಹುದು.

ಇದು ಸಾಧ್ಯವೆಂಬುದನ್ನು ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲಿಯೇ ತೋರಿಸಿದ್ದನು. 1963 ಮತ್ತು 1964ರಲ್ಲಿ ಅಲನ್ ಕಾರ್ಮ್ಯಾಕ್ ಅದನ್ನು ಕ್ಷ-ಕಿರಣಗಳಿಗೆ ಅನ್ವಯಿಸುವ ಪ್ರಬಂಧಗಳನ್ನು ಬರೆದರು. 1968ರಲ್ಲಿ ಡೇವಿಡ್ ಡಿ ರೋಸಿಯೆ ಮತ್ತು ಆರನ್ ಕ್ಲುಗ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ವೈರಸ್ಸಿನ ಘಟಕವೊಂದರ ಮೂರು ಆಯಾಮದ ರೂಪವನ್ನು ಕಟ್ಟಿದರು. ಹೀಗೆ ರೋಗಿಯ ದೇಹಕ್ಕೂ ಕಣ್ಣಿಗೆ ಕಾಣದ ಅಣುವಿಗೂ ಗಣಿತ ಒಂದೇ. ಆದರೆ ಕ್ಲುಗ್ ಅವರ ಬಳಗದ ಕ್ರಮದಲ್ಲಿ ಫೂರಿಯೆ ರೂಪಾಂತರವೆಂಬ ದೀರ್ಘವಾದ ಲೆಕ್ಕ ಅವಶ್ಯಕವಾಗಿತ್ತು. ಅಂದಿನ ಗಣಕಯಂತ್ರಗಳಿಗೆ ಅದು ದೊಡ್ಡ ಹೊರೆ.

ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅವರು ಆ ಹೊರೆಯನ್ನು ಇಳಿಸಿದರು. ಪ್ರತಿಯೊಂದು ನೆರಳನ್ನೂ ಅದು ಬಂದ ದಿಕ್ಕಿನಲ್ಲಿ ಹಿಂದಕ್ಕೆ ಬಳಿಯುತ್ತ ಹೋದರೆ ಚಿತ್ರವೇನೋ ಮೂಡುತ್ತದೆ. ಆದರೆ ಒಂದು ಬಿಂದುವಿನ ಸುತ್ತ ಮಸುಕು ಆವರಿಸುತ್ತದೆ. ಆದ್ದರಿಂದ ಹಿಂದಕ್ಕೆ ಬಳಿಯುವ ಮೊದಲೇ ನೆರಳನ್ನು ಸಂಸ್ಕರಿಸಬೇಕು. ಒಂದು ಅಳತೆಗೆ 1 ಎಂಬ ತೂಕ ಕೊಟ್ಟರೆ, ಅದರ ಎರಡು ಪಕ್ಕದ ಅಳತೆಗಳಿಗೆ –0.405, ಎರಡನೆಯ ನೆರೆಗೆ ಸೊನ್ನೆ, ಮೂರನೆಯದಕ್ಕೆ –0.045, ನಾಲ್ಕನೆಯದಕ್ಕೆ ಸೊನ್ನೆ, ಐದನೆಯದಕ್ಕೆ –0.016, ಹೀಗೆ ತೂಕಗಳು ಕುಗ್ಗುತ್ತ ಹೋಗುತ್ತವೆ. ಎರಡು ಕಡೆಯ ಋಣಸಂಖ್ಯೆಗಳನ್ನೆಲ್ಲ ಕೊನೆಯಿಲ್ಲದೆ ಕೂಡಿಸಿದರೆ ಮೊತ್ತ ಸರಿಯಾಗಿ –1. ಮಧ್ಯದ 1ರೊಡನೆ ಸೇರಿ ಸೊನ್ನೆ. ಮಸುಕು ಅಳಿದುಹೋಗುವುದು ಈ ಋಣದ ತೂಕಗಳಿಂದಲೇ. ಒಂದು ಸಲಕ್ಕೆ ಒಂದೇ ಸಾಲಿನ ಕೂಡುವ ಲೆಕ್ಕವಾದ್ದರಿಂದ ಫೂರಿಯೆ ಕ್ರಮಕ್ಕಿಂತ ಇದು ಸಾಮಾನ್ಯವಾಗಿ ಮೂವತ್ತರಷ್ಟು ವೇಗವಾದುದೆಂದೂ, ಹೆಚ್ಚು ನಿಖರವಾದುದೆಂದೂ ಅವರು ತೋರಿಸಿದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1971ರಲ್ಲಿ ಬಂದ ಈ ಪ್ರಬಂಧವೂ ಐದೇ ಪುಟಗಳದು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಯಲ್ಲಿಯೂ ಈ ವಿಷಯದ ಪ್ರಬಂಧವನ್ನು ಅವರು ಪ್ರಕಟಿಸಿದರು; ನೆರಳಿನಿಂದ ವಸ್ತುವನ್ನು ಮರಳಿ ಕಟ್ಟುವುದು ಎಂಬುದು ಅದರ ಶೀರ್ಷಿಕೆಯ ಭಾವ.

ನ್ಯಾಯವಾಗಿ ಹೇಳುವುದಾದರೆ, ರೇಡಿಯೋ ಖಗೋಳವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿಯೇ ಇಂತಹ ಕ್ರಮವನ್ನು ಕಂಡಿದ್ದರು. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಮೊದಲ ಯಂತ್ರ 1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ತೆಗೆದದ್ದು ಬೇರೆ ಬಗೆಯ ಲೆಕ್ಕದಿಂದ. 1979ರ ನೊಬೆಲ್ ಬಹುಮಾನ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಸಂದಿತು. ಆದರೆ ಆನಂತರದ ಸಿ.ಟಿ. ಯಂತ್ರಗಳು ಬಹುಕಾಲ ನೆಚ್ಚಿಕೊಂಡದ್ದು ಸಂಸ್ಕರಿಸಿ ಹಿಂದಕ್ಕೆ ಬಳಿಯುವ ಕ್ರಮವನ್ನೇ. ಅದರ ಮೂಲ ಸೋಸುಗಕ್ಕೆ ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ರಾಮ್-ಲಕ್’ ಎಂಬ ಹೆಸರು ಜಗತ್ತಿನಾದ್ಯಂತ ನಿಂತಿದೆ. ಹೊಸ ಕ್ರಮಗಳು ಬಳಕೆಗೆ ಬಂದಿರುವ ಇಂದಿಗೂ ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದನ್ನೇ.

ಪ್ರಬಂಧಗಳ ಪಾಠ

1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಇವಾಲ್ಡ್ ಬಹುಮಾನ ಇವು ರಾಮಚಂದ್ರನ್ ಅವರಿಗೆ ಸಂದವು. ನೊಬೆಲ್ ಬಹುಮಾನ ದೊರೆಯಲಿಲ್ಲ. 2001ರ ಏಪ್ರಿಲ್ 7ರಂದು ಅವರು ಚೆನ್ನೈಯಲ್ಲಿ ಕಾಲವಾದರು.

ಅವರ ಪ್ರಬಂಧಗಳಲ್ಲಿ ಅತ್ಯಂತ ಪ್ರಸಿದ್ಧವಾದ ಎರಡನ್ನು ಕೂಡಿಸಿದರೆ ಹತ್ತು ಪುಟಗಳಾಗುತ್ತವೆ. ಒಂದು, ಆಕ್ಷೇಪಣೆಯನ್ನು ಅವಮಾನವೆಂದು ಬಗೆಯದೆ ಪ್ರಶ್ನೆಯೆಂದು ಬಗೆದುದರ ಫಲ. ಇನ್ನೊಂದು, ಸ್ಫಟಿಕಗಳಿಗಾಗಿ ಕಲಿತ ಗಣಿತವನ್ನು ರೋಗಿಗಳ ಹಿತಕ್ಕೆ ತಿರುಗಿಸಿದುದರ ಫಲ. ಶರಣರು ಕಾಯಕವನ್ನು ದಾಸೋಹದಿಂದ ಬೇರ್ಪಡಿಸಲಿಲ್ಲ. ದುಡಿದದ್ದು ಸಮಾಜಕ್ಕೆ ಸಲ್ಲಬೇಕೆಂದರು. ಸಂಶೋಧಕನು ಕಂಡುದನ್ನು ಲೆಕ್ಕದ ಹೆಜ್ಜೆಗಳೊಡನೆ ಬಿಚ್ಚಿ ಪ್ರಕಟಿಸುವುದೂ ಅರಿವಿನ ದಾಸೋಹವೇ. ತಿದ್ದುವವರು ತಿದ್ದಲಿ, ಬಳಸುವವರು ಬಳಸಲಿ ಎಂದು ಅದನ್ನು ಎಲ್ಲರ ಮುಂದಿಡುವುದರಲ್ಲಿ ಅದರ ಸಾರ್ಥಕ್ಯವಿದೆ.

ಈ ಕಾರ್ಯದ ಹಿಂದೆ ಇದ್ದ ನೆರವನ್ನೂ ಮರೆಯಲಾಗದು. ಮನೆಯಲ್ಲಿ ಗಣಿತ ಹೇಳಿಕೊಟ್ಟ ತಂದೆ, ಬುದ್ಧಿಯನ್ನು ಗುರುತಿಸಿದ ಗುರು, ಮಾದರಿಯನ್ನು ಕೊಟ್ಟ ನೆರೆಯ ಸಂಸ್ಥೆ, ಹೆಸರಿನಲ್ಲಿ ಪಾಲು ಪಡೆದ ಶಿಷ್ಯರು ಇವರೆಲ್ಲರೂ ಅದರಲ್ಲಿ ಭಾಗಿಗಳು. ವಿದ್ಯಾಸಂಸ್ಥೆಗೆ ಪ್ರಯೋಗಶಾಲೆಯನ್ನೋ ಗ್ರಂಥಭಂಡಾರವನ್ನೋ ಕೊಡುವ ದಾನಿಗಳಿಗೆ ಅದರ ಫಲ ಯಾವ ವಿದ್ಯಾರ್ಥಿಯಲ್ಲಿ, ಎಷ್ಟು ವರ್ಷಗಳ ಮೇಲೆ ಕಾಣುವುದೆಂದು ತಿಳಿಯದು. ನಾಲ್ಕು ಮನೆಗಳ ಚೌಕವನ್ನು ಕರಿಹಲಗೆಯ ಮೇಲೆ ಬರೆದು, ಎರಡು ದಿಕ್ಕು ಸಾಲದು ಮೂರನೆಯದು ಬೇಕು ಎಂದು ಮಕ್ಕಳೇ ಕಂಡುಕೊಳ್ಳುವಂತೆ ಮಾಡುವ ಉಪಾಧ್ಯಾಯರಿಗೂ ತಿಳಿಯದು. ಆದರೂ ಆ ಕೆಲಸ ಮೊದಲಾಗುವುದು ಅಲ್ಲಿಂದಲೇ.