ಗರಗಸ ಇಡೋಕೆ ಮುಂಚೆ: ಮೈಸೂರಿನ ಯೆಜ್ಡಿಗೆ ಮನೇಲೇ ಮರುಜೀವ

ಯೂಟ್ಯೂಬ್ ತೆಗೆದ್ರೆ ಸಾಕು, ಅಮೆರಿಕದಲ್ಲಿ ಯಾರೋ ಒಬ್ಬರು ಕೊಟ್ಟಿಗೆಯಿಂದ ತುಕ್ಕು ಹಿಡಿದ ಮಸ್ತಾಂಗ್ ಎಳ್ಕೊಂಡು ಬಂದು, ಇಪ್ಪತ್ತು ನಿಮಿಷದ ವಿಡಿಯೋದಲ್ಲಿ ಫಳಫಳ ಅನ್ನಿಸಿಬಿಡ್ತಾರೆ. ಇಂಥ ಕಾರುಗಳಿಗೆ ಮಸಲ್ ಕಾರ್ ಅಂತ ಹೆಸರು. ಮಧ್ಯಮ ಗಾತ್ರದ ಸಾಮಾನ್ಯ ಕಾರಿನೊಳಗೆ ದೊಡ್ಡ ವಿ8 ಇಂಜಿನ್ ಕೂರಿಸೋದು ಇದರ ಗುಟ್ಟು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಓದಿಂದ ಈ ಹುಚ್ಚು ಶುರುವಾಯ್ತು ಅಂತ ಬಹಳ ಜನ ಹೇಳ್ತಾರೆ. ನೋಡಿ ನೋಡಿ ನಮಗೂ ಕೈ ತುರಿಸೋಕೆ ಶುರುವಾಯ್ತು. ಆದರೆ ಮೈಸೂರಲ್ಲಿ ವಿ8 ಎಲ್ಲಿಂದ ತರೋದು? ಹಾಸ್ಟೆಲ್ ಊಟಕ್ಕೇ ದುಡ್ಡು ಲೆಕ್ಕ ಹಾಕೋ ನಾವು ಕಾರಿನ ಆಸೆ ಬಿಟ್ವಿ. ಆಗ ಕಣ್ಣಿಗೆ ಬಿದ್ದಿದ್ದು ನಮ್ಮ ಗ್ಯಾಂಗಿನ ಒಬ್ಬನ ಮನೆ ಹಿತ್ತಲಲ್ಲಿ, ಹಳೇ ಸೀರೆ ಹೊದ್ದು ನಿಂತಿದ್ದ 1974ರ ಯೆಜ್ಡಿ 250.

ಅದು ಅವನ ತಾತನ ಬೈಕು. ತಾತ ಅದನ್ನ ಕೊಂಡವರಷ್ಟೇ ಅಲ್ಲ, ಅದು ತಯಾರಾದ ಫ್ಯಾಕ್ಟರಿಯಲ್ಲೇ ಅಸೆಂಬ್ಲಿ ವಿಭಾಗದಲ್ಲಿ ಕೆಲಸ ಮಾಡಿದವರು. ನಾಲ್ಕು ವರ್ಷದಿಂದ ಬೈಕು ನಿಂತೇ ಇತ್ತು. ನಾವು ನಾಲ್ಕು ಜನ ಹೋಗಿ "ತಾತ, ಇದನ್ನ ಕೆಫೆ ರೇಸರ್ ಮಾಡ್ತೀವಿ, ಹಿಂದಿನ ಫ್ರೇಮ್ ಕತ್ತರಿಸಿ ಚಿಕ್ಕ ಸೀಟ್ ಹಾಕಿದ್ರೆ ಸೂಪರ್ ಆಗಿರುತ್ತೆ" ಅಂದ್ವಿ. ಅವರು ಬೈಯಲಿಲ್ಲ. "ಕತ್ತರಿಸಿ, ಬೇಡ ಅನ್ನಲ್ಲ. ಮೊದ್ಲು ಅದು ಯಾಕೆ ಹಂಗಿದೆ ಅಂತ ಹೇಳಿ, ಆಮೇಲೆ ಗರಗಸ ಕೊಡ್ತೀನಿ" ಅಂದ್ರು. ಆ ಪ್ರಶ್ನೆಗೆ ಉತ್ತರ ಹುಡುಕ್ತಾ ನಾವು ಕಲಿತಿದ್ದನ್ನ ಇಲ್ಲಿ ಬರೀತಿದ್ದೀವಿ. ನಿಮ್ಮ ಮನೇಲೂ ಇಂಥದ್ದೊಂದು ಗಾಡಿ ಇದ್ರೆ ಉಪಯೋಗಕ್ಕೆ ಬರಬಹುದು.

ನಮ್ಮೂರ ಗಾಡಿ

ಮೊದಲು ಸ್ವಲ್ಪ ಹಿನ್ನೆಲೆ. ಜಾವಾ ಹುಟ್ಟಿದ್ದು ಜೆಕ್ ನಾಡಿನಲ್ಲಿ, 1929ರಲ್ಲಿ. ಯಾನೆಚೆಕ್ ಅನ್ನುವವರು ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡಾಗ, ಎರಡೂ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಇಟ್ಟ ಹೆಸರು ಅದು. 1961ರಲ್ಲಿ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ, ನಮ್ಮ ಯಾದವಗಿರಿಯಲ್ಲಿ ಲೈಸೆನ್ಸ್ ಪಡೆದು ಈ ಬೈಕುಗಳನ್ನ ಮಾಡೋಕೆ ಶುರು ಮಾಡ್ತು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು. ಇರಾನಿನ ಯಜ್ದ್ ಅನ್ನೋ ಊರಿನ ನೆನಪಿಗೆ ಆ ಹೆಸರು. ಎಂಬತ್ತರ ದಶಕದಲ್ಲಿ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದು ಮೈಲೇಜಿನಲ್ಲಿ ಹೊಡೆದವು, ಮಾಲಿನ್ಯದ ನಿಯಮಗಳೂ ಬಿಗಿಯಾದವು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕ್ತು. ಈಗ ಜಾವಾ ಮತ್ತೆ 2018ರಲ್ಲಿ, ಯೆಜ್ಡಿ 2022ರಲ್ಲಿ ವಾಪಸ್ ಬಂದಿವೆ. ಆದರೆ ಅವು ಹೊಸ ಫೋರ್ ಸ್ಟ್ರೋಕ್ ಬೈಕುಗಳು. ನಾವು ಹೇಳ್ತಿರೋದು ಹಳೇ ಟೂ ಸ್ಟ್ರೋಕ್ ಗಾಡಿ ಬಗ್ಗೆ.

ಸ್ಪ್ಯಾನರ್ ಹಿಡಿಯೋ ಮುಂಚೆ

ಮೊದಲ ಕೆಲಸ ಕಾಗದಪತ್ರ. ಚಾಸಿ ನಂಬರ್, ಇಂಜಿನ್ ನಂಬರ್ ಎರಡೂ ಆರ್‌ಸಿಯಲ್ಲಿ ಇರೋದಕ್ಕೆ ಹೊಂದುತ್ತಾ ನೋಡಿ. ಹೊಂದದಿದ್ರೆ ಒಂದು ರೂಪಾಯಿ ಕೂಡ ಖರ್ಚು ಮಾಡ್ಬೇಡಿ. ಹಳೇ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗ್ಬೇಕು. ನಮ್ಮ ಪುಣ್ಯಕ್ಕೆ ತಾತ ಬೈಕು ನಿಲ್ಲಿಸೋ ಸ್ವಲ್ಪ ಮುಂಚೆ ಅದನ್ನ ಮಾಡಿಸಿದ್ರು, ಅವಧಿ ಇನ್ನೂ ಉಳಿದಿತ್ತು.

ಎರಡನೇದು ಫೋಟೋ. ಒಂದೊಂದು ನಟ್ ಬಿಚ್ಚೋ ಮುಂಚೆನೂ ಫೋಟೋ ತೆಗೀರಿ. ಬಿಚ್ಚಿದ್ದನ್ನ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ. ನಾವು ಮೊದಲ ದಿನ ಹುರುಪಲ್ಲಿ ಎಲ್ಲಾ ಒಂದೇ ಬಕೆಟ್ಟಿಗೆ ಸುರಿದು, ಆಮೇಲೆ ಎರಡು ಭಾನುವಾರ ಬರೀ ಬೋಲ್ಟ್ ಹೊಂದಿಸೋದರಲ್ಲೇ ಕಳೆದ್ವಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿನೇ ಡೀಸೆಲ್ ಸವರಿಟ್ರೆ ಬೆಳಗ್ಗೆ ಸಲೀಸು. ಬಲ ಪ್ರಯೋಗ ಮಾಡಿದ್ರೆ ತಲೆ ಮುರಿಯುತ್ತೆ. ಬೋಲ್ಟಿನದ್ದು ಮೊದಲು, ನಿಮ್ಮದು ಆಮೇಲೆ.

ಇಂಜಿನ್: ಗಾಳಿ ಸೋರಿದ್ರೆ ಎಲ್ಲಾ ಹಾಳು

ಯೆಜ್ಡಿ 250 ಇಂಜಿನ್ನಿನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರಕ್ಕೆ ಹಾಕಿ ನೋಡಿ, ಸುಮಾರು 249 ಸಿಸಿ ಬರುತ್ತೆ. ಇರೋದು ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಲಿವರ್ರೇ ಗೇರ್ ಲಿವರ್ರೂ ಹೌದು. ಒಳಗೆ ಒತ್ತಿ ಮೇಲೆತ್ತಿದ್ರೆ ಕಿಕ್ಕರ್, ಮುಂದಕ್ಕೆ ಮಲಗಿಸಿದ್ರೆ ಗೇರ್. ಆ ಗೇರ್ ಲಿವರ್ ಅದುಮಿದಾಗ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತೆ. ಅಷ್ಟು ಹಳೇ ಗಾಡಿಯಲ್ಲಿ ಈ ಕೈಚಳಕ ನೋಡಿ ನಾವು ಬೆರಗಾದ್ವಿ.

ಇನ್ನು ಮುಖ್ಯವಾದ ವಿಷಯ. ಟೂ ಸ್ಟ್ರೋಕ್ ಇಂಜಿನ್ನಲ್ಲಿ ಕ್ರಾಂಕ್‌ಕೇಸ್ ಬರೀ ಡಬ್ಬಿ ಅಲ್ಲ, ಅದೊಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಮಿಶ್ರಣ ಒಳಗೆ ಬರುತ್ತೆ, ಕೆಳಗೆ ಬಂದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಹೋಗುತ್ತೆ. ಈ ಪಂಪು ಸೋರದೇ ಇರಲಿ ಅಂತ ಕ್ರಾಂಕಿನ ಎರಡೂ ಕಡೆ ರಬ್ಬರ್ ಸೀಲ್ ಇರುತ್ತೆ. ಎಡಗಡೆ ಕ್ಲಚ್ ಮತ್ತು ಪ್ರೈಮರಿ ಚೈನ್ ಎಣ್ಣೆಯಲ್ಲಿ ಮುಳುಗಿರುತ್ತೆ. ಆ ಕಡೆ ಸೀಲ್ ಹೋದ್ರೆ ಎಣ್ಣೆ ಒಳಗೆ ಎಳ್ಕೊಂಡು ಬೈಕು ಬಿಳಿ ಹೊಗೆ ಉಗುಳುತ್ತೆ. ಕಣ್ಣಿಗೆ ಕಾಣೋ ಕಾಯಿಲೆ ಅದು. ಬಲಗಡೆ ಡೈನಮೋ ಇದೆ, ಅಲ್ಲಿ ಎಣ್ಣೆ ಇಲ್ಲ. ಆ ಸೀಲ್ ಹೋದ್ರೆ ಒಳಗೆ ಬರೋದು ಗಾಳಿ. ಪೆಟ್ರೋಲ್ ಪಾಲು, ಅದರ ಜೊತೆಗಿರೋ ಎಣ್ಣೆ ಪಾಲು ಎರಡೂ ಕಮ್ಮಿಯಾಗಿ ಇಂಜಿನ್ ವಿಪರೀತ ಬಿಸಿಯಾಗುತ್ತೆ. ಹೊಗೆ ಇಲ್ಲ, ಸುಲಭವಾಗಿ ಗೊತ್ತಾಗಲ್ಲ.

ನಮಗೂ ಗೊತ್ತಾಗಲಿಲ್ಲ. ಹೊಗೆ ಬರ್ತಿಲ್ಲ ಅಂತ ಸೀಲ್ ಚೆನ್ನಾಗಿದೆ ಅಂದ್ಕೊಂಡು, ಕೆಲವೇ ನೂರು ರೂಪಾಯಿ ಉಳಿಸೋಕೆ ಹಳೇದನ್ನೇ ಬಿಟ್ವಿ. ಬೈಕು ಸ್ಟಾರ್ಟ್ ಆಯ್ತು. ಖುಷಿಯಲ್ಲಿ ಚಾಮುಂಡಿ ಬೆಟ್ಟಕ್ಕೆ ಹೊರಟ್ವಿ. ಬೆಟ್ಟದ ಏರಿನಲ್ಲಿ 'ಕಿರ್ರ್' ಅಂತು, ಹಿಂದಿನ ಚಕ್ರ ಲಾಕ್. ಓಡಿಸ್ತಿದ್ದವನು ಪಟ್ ಅಂತ ಕ್ಲಚ್ ಹಿಡಿದಿದ್ದಕ್ಕೆ ಬೀಳಲಿಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಕೊಂಡಿತ್ತು, ಮೆಕ್ಯಾನಿಕ್ಕುಗಳ ಭಾಷೇಲಿ 'ಸೀಜ್'. ಬೈಕನ್ನ ನ್ಯೂಟ್ರಲ್ಲಿಗೆ ಹಾಕಿ ಬೆಟ್ಟ ಇಳಿಸ್ತಾ ಬಂದಾಗ ಯಾರೂ ಮಾತಾಡಲಿಲ್ಲ. ಗೇಟಲ್ಲಿ ನಿಂತಿದ್ದ ತಾತ ಒಂದೇ ಪ್ರಶ್ನೆ ಕೇಳಿದ್ರು: "ಡೈನಮೋ ಕಡೆ ಸೀಲ್ ಹಾಕಿದ್ರಾ?"

ಆಮೇಲೆ ರೀಬೋರ್. ಬೋರ್ ಗೇಜಿಂದ ಸಿಲಿಂಡರನ್ನ ಮೇಲೆ, ಮಧ್ಯೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೀಬೇಕು. ಎಷ್ಟು ಸವೆದಿದೆ, ಎಷ್ಟು ಮೊಟ್ಟೆಯಾಕಾರ ಆಗಿದೆ ಅಂತ ಆಗ ತಿಳಿಯುತ್ತೆ. ಮೆಟ್ರಾಲಜಿ ಲ್ಯಾಬಲ್ಲಿ ನಿದ್ದೆ ಮಾಡಿದ್ದಕ್ಕೆ ಅವತ್ತು ಪಶ್ಚಾತ್ತಾಪ ಪಟ್ವಿ. ಓವರ್‌ಸೈಜ್ ಪಿಸ್ಟನ್ 0.25 ಮಿ.ಮೀ. ಹೆಜ್ಜೆಗಳಲ್ಲಿ ಸಿಗುತ್ತೆ. ನಮ್ಮದಕ್ಕೆ 0.50 ಹಾಕ್ಬೇಕಾಯ್ತು, ಇಂಜಿನ್ ಸುಮಾರು 4 ಸಿಸಿ ದೊಡ್ಡದಾಯ್ತು. ಆದರೆ ಪ್ರತಿ ರೀಬೋರಿಗೂ ಸಿಲಿಂಡರಿನ ಗೋಡೆ ತೆಳ್ಳಗಾಗುತ್ತೆ, ಇನ್ನೆಷ್ಟು ಸಲ ಮಾಡಬಹುದು ಅನ್ನೋ ಲೆಕ್ಕದಿಂದ ಒಂದೆರಡು ಕಳೆಯುತ್ತೆ. ನಮ್ಮ ಜಿಪುಣತನಕ್ಕೆ ಗಾಡಿಯ ಆಯಸ್ಸಿನ ಒಂದು ತುಂಡು ಹೋಯ್ತು. ಇನ್ನೊಂದು ಮಾತು: ಬೋರ್ ಆದ ಮೇಲೆ ಪೋರ್ಟಿನ ಅಂಚುಗಳನ್ನ ಸ್ವಲ್ಪ ಉಜ್ಜಿ ನುಣುಪು ಮಾಡಿಸಿ. ಇಲ್ಲಾಂದ್ರೆ ಪಿಸ್ಟನ್ ರಿಂಗ್ ಅಲ್ಲಿ ಸಿಕ್ಕಿಕೊಂಡು ಮುರಿಯುತ್ತೆ.

ಹೊಸ ಪಿಸ್ಟನ್ ಪಳಗೋವರೆಗೆ ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್ ಹಾಕಿದ್ವಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನ ಮೆತ್ತಗೆ ಮಾಡುತ್ತೆ. ಪೈಪು, ವಾಷರ್ ಹೊಸದು ಹಾಕಿ. ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದ್ರೆ ಟ್ಯಾಂಕ್ ಖಾಲಿ ಮಾಡಿ.

ಕರೆಂಟು, ಬಣ್ಣ, ಹೊಳಪು

ನಮ್ಮ ಗಾಡಿಯದು 6 ವೋಲ್ಟ್ ಸಿಸ್ಟಮ್. ರಾತ್ರಿ ಹೆಡ್‌ಲೈಟ್ ಹಾಕಿದ್ರೆ ದೇವರ ಮನೆ ದೀಪ. ಪವರ್ ಸೂತ್ರ ನೆನಪಿಸ್ಕೊಳ್ಳಿ. 35 ವ್ಯಾಟ್ ಬಲ್ಬು 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಎಳೆಯುತ್ತೆ, 12 ವೋಲ್ಟಿನಲ್ಲಿ 2.9. ವೈರಿನಲ್ಲಿ ಆಗೋ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರೋದರಿಂದ, 12ಕ್ಕೆ ಹೋದ್ರೆ ಅದೇ ವೈರಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಬಹಳ ಜನ 12 ವೋಲ್ಟಿಗೆ ಬದಲಾಯಿಸ್ತಾರೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ: ಅರ್ಥಿಂಗ್ ಜಾಗಗಳ ತುಕ್ಕು ಉಜ್ಜಿ, ಹೊಸ ವೈರ್ ಎಳೀರಿ. ಅಷ್ಟಕ್ಕೇ ನಮ್ಮ ದೀಪ ಎಷ್ಟು ಬೆಳಗ್ತು ಅಂದ್ರೆ, 12 ವೋಲ್ಟಿನ ಯೋಚನೆ ಸದ್ಯಕ್ಕೆ ಬಿಟ್ವಿ.

ಟ್ಯಾಂಕಿನ ಒಳಗಿನ ತುಕ್ಕಿಗೆ ವಿನೆಗರ್ ತುಂಬಿ ಎರಡು ದಿನ ಬಿಟ್ವಿ, ಆಮೇಲೆ ಸೋಡಾ ಪುಡಿ ನೀರಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿದ್ವಿ. ಪಿತ್ತಾಳೆ ಚೊಂಬಿಗೆ ಅಜ್ಜಿ ಹುಣಸೆಹಣ್ಣು ಹಚ್ಚೋದೂ ಇದೇ ಆಮ್ಲದ ಕೆಲಸಾನೇ. ಟ್ಯಾಂಕಲ್ಲಿ ತೂತಿದ್ರೆ ಮನೇಲಿ ವೆಲ್ಡಿಂಗ್ ಮಾಡೋ ಸಾಹಸ ಬೇಡವೇ ಬೇಡ. ಖಾಲಿ ಟ್ಯಾಂಕಲ್ಲೂ ಪೆಟ್ರೋಲ್ ಆವಿ ಉಳಿದಿರುತ್ತೆ, ಸಿಡಿಯುತ್ತೆ. ಕ್ರೋಮ್ ಲೇಪನವೂ ಮನೆ ಕೆಲಸ ಅಲ್ಲ, ಅದರ ರಾಸಾಯನಿಕ ವಿಷ. ಬಣ್ಣ ಹೊಡೆಯೋರು ಸರಿಯಾದ ಮಾಸ್ಕ್ ಹಾಕ್ಕೊಳ್ಳಿ, ಕರ್ಚೀಫು ಸಾಲಲ್ಲ.

ಕತ್ತರಿಸಬೇಕಾ, ಬೇಡ್ವಾ?

ಈಗ ತಾತನ ಪ್ರಶ್ನೆ. ಹಿಂದಿನ ಫ್ರೇಮ್ ಯಾಕೆ ಹಂಗಿದೆ? ಹಾಳೆ ಮೇಲೆ ಫ್ರೀ ಬಾಡಿ ಡಯಾಗ್ರಮ್ ಬರೆದ್ವಿ. ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ, ಸೀಟು, ಹಿಂದೆ ಕೂತವರ ಭಾರ ಎಲ್ಲಾ ಆ ಪೈಪುಗಳ ಮೂಲಕವೇ ಇಳಿಯುತ್ತೆ. ಅದನ್ನ ಕತ್ತರಿಸಿ ಬೆಸೆದ್ರೆ, ಬೆಸುಗೆಯ ಶಾಖ ತಾಗಿದ ಜಾಗ ಮೊದಲಿನ ಹಾಗೆ ಇರಲ್ಲ, ಬಿರುಕು ಅಲ್ಲಿಂದಲೇ ಶುರುವಾಗೋದು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಆಗುವಂತೆ ವಾಹನ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಎತ್ತಿ ಹಿಡಿದಿದೆ. ಇನ್ನೊಂದು, 2021ರ ವಿಂಟೇಜ್ ವಾಹನ ನಿಯಮ. 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ. 1974ರ ನಮ್ಮ ಗಾಡಿ ವಯಸ್ಸಿನಲ್ಲಿ ಪಾಸ್. ಗರಗಸ ಇಟ್ಟಿದ್ರೆ ಆ ಬಾಗಿಲು ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಹೋಗ್ತಿತ್ತು.

ಖುಷಿಯಿಂದ ತಾತನಿಗೆ ಇದನ್ನ ಹೇಳಿದ್ರೆ, ಅವರು ನಿಯಮ ಪೂರ್ತಿ ಓದಿಸಿದ್ರು. ವಿಂಟೇಜ್ ಗಾಡಿಯನ್ನ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. "ಮಾರ್ಕೆಟ್ಟಿಗೆ ಹೋಗೋಕಾಗಲ್ಲ ಅಂದ್ರೆ ಏನಕ್ಕೋ ಅದು? ಫ್ಯಾಕ್ಟರಿ ಮುಚ್ಚಿದ ಮೇಲೂ ಇದರಲ್ಲೇ ಓಡಾಡಿ ಸಂಸಾರ ಸಾಗಿಸಿದೀನಿ" ಅಂದ್ರು. ಫ್ಯಾಕ್ಟರಿ ಮುಚ್ಚಿದ್ದರ ಬಗ್ಗೆ ಅವರು ನಮ್ಮೆದುರು ಮಾತಾಡಿದ್ದು ಅದೊಂದೇ ಸಲ. ಹಾಗಾಗಿ ಮಾಮೂಲಿ ಆರ್‌ಸಿಯೇ ಇರಲಿ ಅಂತ ತೀರ್ಮಾನ ಆಯ್ತು.

ಕಸ್ಟಮೈಸ್ ಮಾಡ್ಲೇಬಾರದು ಅಂತಲ್ಲ. ನಾವು ಒಂದು ನಿಯಮ ಇಟ್ಕೊಂಡ್ವಿ: ಬೋಲ್ಟಿನಿಂದ ಕೂರಿಸಿ ಬೋಲ್ಟಿನಿಂದಲೇ ತೆಗೆಯೋಕೆ ಆಗುವಂಥದ್ದು ಮಾತ್ರ. ಹ್ಯಾಂಡಲ್ ಗ್ರಿಪ್, ಕನ್ನಡಿ, ತಾತನ ಬೆನ್ನಿಗೆ ಹೊಂದೋ ಮೆತ್ತನೆ ಸೀಟಿನ ಕುಶನ್, ಬ್ರೇಕಿಗೆ ಹೊಸ ಲೈನರ್. ತೆಗೆದ ಹಳೇ ಭಾಗಗಳೆಲ್ಲಾ ಚೀಟಿ ಸಮೇತ ಅಟ್ಟದ ಮೇಲಿವೆ. ನಾಳೆ ಯಾರಿಗಾದ್ರೂ ಮೊದಲಿನ ಹಾಗೇ ಬೇಕು ಅನ್ನಿಸಿದ್ರೆ ಒಂದು ಭಾನುವಾರ ಸಾಕು. ವಿಂಟೇಜ್ ಬೇಕು ಅನ್ನಿಸಿದ್ರೂ ದಾರಿ ತೆರೆದೇ ಇದೆ.

ಹೋದ ವಾರ ತಾತ ದೇವರಾಜ ಮಾರ್ಕೆಟ್ಟಿಗೆ ಹೋಗಿ ವೀಳ್ಯದೆಲೆ ತಂದ್ರು. ಹಿಂದೆ ಸ್ಕೂಟರಲ್ಲಿ ನಾವು ಹೋಗಿದ್ವಿ, ಮತ್ತೆ ಸೀಜ್ ಆದ್ರೆ ತಳ್ಳೋಕೆ. ಆಗಲಿಲ್ಲ. ಮೂರನೇ ಗೇರಲ್ಲಿ ಇನ್ನೂ ಸಣ್ಣದೊಂದು ಕಟಕಟ ಇದೆ, ಸೆಮಿಸ್ಟರ್ ರಜೆಗೆ ಬಿಚ್ಚೋಣ ಅಂತಿದ್ದೀವಿ. ಬೋರ್ ಗೇಜ್ ಹಿಡಿಯೋಕೆ ಬರೋ ಜೂನಿಯರ್ಸ್ ಇದ್ರೆ ಹೇಳಿ. ಕಾಫಿ ತಾತನ ಮನೇದು.