ಗ್ರಾಫಿಕ್ಸ್ ಕಾರ್ಡಿನ ಆಯ್ಕೆ: ಪಾಲಕರಿಗೆ ನಾಲ್ಕು ಮಾತು

ಪರೀಕ್ಷೆಗಳು ಮುಗಿದು ರಜೆಯು ಸಮೀಪಿಸಿದೊಡನೆ ಭಟ್ಕಳ, ಹೊನ್ನಾವರ, ಕುಮಟೆಗಳ ಕೆಲವು ಮನೆಗಳಲ್ಲಿ ಒಂದು ಹೊಸ ಬೇಡಿಕೆಯು ತಲೆದೋರುತ್ತದೆ. ಹಿಂದೆ ಮಕ್ಕಳು ಸೈಕಲ್ಲನ್ನು ಬೇಡುತ್ತಿದ್ದರು. ಈಗ ಗಣಕಯಂತ್ರಕ್ಕೆ ಮೇಲ್ತರದ ಗ್ರಾಫಿಕ್ಸ್ ಕಾರ್ಡನ್ನು ಬೇಡುತ್ತಾರೆ. ಮೇಜಿನ ಮೇಲೆ ಎರಡು ಮೂರು ಮಾನಿಟರುಗಳನ್ನು ಸಾಲಾಗಿ ಇರಿಸಿಕೊಂಡು ಆಡುವುದು ಅವರ ಇಚ್ಛೆ. ಇದು ಸರಿಯೋ ತಪ್ಪೋ ಎಂಬ ವಿಚಾರವನ್ನು ಆಯಾ ಮನೆಯವರಿಗೇ ಬಿಟ್ಟು, ಕೊಳ್ಳುವುದೆಂದು ನಿಶ್ಚಯವಾದ ಮೇಲೆ ಹಣವು ವ್ಯರ್ಥವಾಗದಂತೆ ಕೊಳ್ಳುವ ಬಗೆಯನ್ನು ಮಾತ್ರ ಇಲ್ಲಿ ಅರಿಕೆಮಾಡುತ್ತೇವೆ.

ಈ ವಿಷಯವನ್ನು ನಾವು ನಷ್ಟವನ್ನು ತೆತ್ತು ಕಲಿತವರು. ಎರಡು ವರ್ಷಗಳ ಹಿಂದೆ ನಮ್ಮ ಮಗಳು ವಿಮಾನ ನಡಿಸುವ ಆಟವೊಂದನ್ನು ಮೂರು ಮಾನಿಟರುಗಳ ಮೇಲೆ ಹರಡಿ ಆಡಬಯಸಿದಳು. ನಾವು ಏನನ್ನೂ ಅಳೆಯದೆ, ದೊಡ್ಡದೇ ಒಳ್ಳೆಯದೆಂದು ನಂಬಿ, ಹೊರಪಟ್ಟಣದಿಂದ ಒಂದು ಕಾರ್ಡನ್ನು ತರಿಸಿದೆವು. ಅದು ಕ್ಯಾಬಿನೆಟ್ಟಿನೊಳಗೆ ಹಿಡಿಸಲಿಲ್ಲ. ಬೇರೆ ಕ್ಯಾಬಿನೆಟ್ಟು ಬಂದ ಮೇಲೆ ಆಟದ ನಡುವೆ ಯಂತ್ರವು ತಾನಾಗಿ ಆರಿಹೋಗತೊಡಗಿತು. ಪವರ್ ಸಪ್ಲೈಯು ಸಾಲದಾಗಿತ್ತು. ಅದನ್ನೂ ಬದಲಿಸಬೇಕಾಯಿತು. ಮಾಡಿನ ಹೆಂಚುಗಳಿಗೆಂದು ಎತ್ತಿಟ್ಟಿದ್ದ ಹಣವು ಹೀಗೆ ಕರಗಿಹೋಗಿ, ಆ ಮಳೆಗಾಲವೆಲ್ಲ ನಡುಮನೆಯಲ್ಲಿ ಸೋರುವಲ್ಲಿ ಪಾತ್ರೆಗಳನ್ನಿಟ್ಟು ಕಾಲಕಳೆದೆವು.

ಮೊದಲು ಕಾರ್ಡಿನ ಕೆಲಸವೇನೆಂಬುದನ್ನು ತಿಳಿಯತಕ್ಕದ್ದು. ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ಲುಗಳೆಂಬ ಸಣ್ಣ ಚುಕ್ಕೆಗಳಿಂದಾದುದು. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಶಾಲೆಯಲ್ಲಿ ನಾವು ಕಲಿತ ಕ್ಷೇತ್ರಫಲದ ಲೆಕ್ಕದಂತೆ ಗುಣಿಸಿದರೆ 20,73,600 ಚುಕ್ಕೆಗಳಾಗುತ್ತವೆ. ಆಟದ ಚಲನೆಯು ನಯವಾಗಿ ಕಾಣಬೇಕಾದರೆ ಕಾರ್ಡು ಇಂಥ ಚಿತ್ರವನ್ನು ಸೆಕೆಂಡಿಗೆ 60 ಸಾರಿಯಾದರೂ ಹೊಸದಾಗಿ ಬರೆಯಬೇಕು. ಅಂದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಮಿಕ್ಕಿದ ಚುಕ್ಕೆಗಳು.

ಇಲ್ಲಿಯೇ ಅನೇಕರು ಎಡವುತ್ತಾರೆ. ಮಾನಿಟರುಗಳು ಮೂರಾದರೆ ಮೂರುಪಟ್ಟು ಬಲದ ಕಾರ್ಡು ಬೇಕೆಂದು ಎಣಿಸುತ್ತಾರೆ. ಹಾಗಲ್ಲ. ನಡುವಿನ ಪರದೆಯಲ್ಲಿ ಮಾತ್ರ ಆಟವಿದ್ದು, ಬದಿಯವುಗಳಲ್ಲಿ ಪಾಠದ ಪುಟವೋ ಪತ್ರವೋ ಇದ್ದರೆ ಅವುಗಳಿಂದ ಕಾರ್ಡಿಗೆ ಬೀಳುವ ಹೊರೆಯು ಅತ್ಯಲ್ಪ. ಆಟವನ್ನೇ ಮೂರು ಪರದೆಗಳ ಮೇಲೆ ಹರಡಿದರೆ ಮಾತ್ರ ಚುಕ್ಕೆಗಳು 62,20,800 ಆಗುತ್ತವೆ. ಇದು 3840 ಮತ್ತು 2160 ಚುಕ್ಕೆಗಳ, 4ಕೆ ಎನಿಸಿಕೊಳ್ಳುವ ಒಂದೇ ಪರದೆಯ ಮುಕ್ಕಾಲು ಪಾಲು. ಆದಕಾರಣ ಮಾನಿಟರುಗಳನ್ನು ಎಣಿಸಬಾರದು. ಆಟವು ವ್ಯಾಪಿಸುವ ಚುಕ್ಕೆಗಳನ್ನು ಎಣಿಸಬೇಕು. ಈ ಒಂದು ಲೆಕ್ಕದಿಂದಲೇ ಎಷ್ಟೋ ಮನೆಗಳಲ್ಲಿ ಮಧ್ಯಮ ತರದ ಕಾರ್ಡೇ ಸಾಕೆಂಬುದು ಗೊತ್ತಾಗುವುದು.

ಕಾರ್ಡಿನ ಸ್ವಂತ ಮೆಮೊರಿಯನ್ನೂ ನೋಡತಕ್ಕದ್ದು. ಹೊಸದೆಂದ ಮಾತ್ರಕ್ಕೆ ಅದು ಹೆಚ್ಚಿರುವುದಿಲ್ಲ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಎಂಬುದರಲ್ಲಿ 12 ಜಿಬಿ ಇತ್ತು. 2023ರಲ್ಲಿ ಬಂದ ಆರ್‌ಟಿಎಕ್ಸ್ 4060ರಲ್ಲಿ 8 ಜಿಬಿ ಮಾತ್ರ. ಆದರೆ ವಿದ್ಯುತ್ತಿನ ವಿಷಯದಲ್ಲಿ ಹೊಸದೇ ಮೇಲು. ಮೊದಲಿನದಕ್ಕೆ 170 ವ್ಯಾಟ್ ಬೇಕಾದರೆ ಎರಡನೆಯದಕ್ಕೆ 115 ಸಾಕು. ಒಂದು ಪರದೆಯ ಆಟಕ್ಕೆ ಎರಡನೆಯದು ಯೋಗ್ಯ. ಮೂರರ ಮೇಲೆ ಹರಡುವವರು 12 ಜಿಬಿ ಇಲ್ಲವೆ ಅದಕ್ಕೂ ಮಿಕ್ಕಿದ ಮೆಮೊರಿಯ ಕಾರ್ಡನ್ನು ಆರಿಸುವುದು ಲೇಸು.

ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ಆಟದ ಸೆಟ್ಟಿಂಗುಗಳಲ್ಲಿ ಚಿತ್ರದ ಅಳತೆಯನ್ನು ತಗ್ಗಿಸಿ ನೋಡಿರಿ. ಆಗ ಆಟವು ಚುರುಕಾದರೆ ಹಳೆಯ ಕಾರ್ಡೇ ದುರ್ಬಲವೆಂದು ತಿಳಿಯಿರಿ. ಏನೂ ಚುರುಕಾಗದಿದ್ದರೆ ಕುಂದು ಬಹುಶಃ ಪ್ರೊಸೆಸರಿನದು. ಅಂಥ ಯಂತ್ರಕ್ಕೆ ಹೊಸ ಕಾರ್ಡನ್ನು ಹಾಕಿದರೂ ಫಲ ಕಡಿಮೆ.

ಇನ್ನು ಜೋಡಣೆಯ ಮಾತು. ಮಾನಿಟರುಗಳ ಹಿಂಬದಿಯನ್ನು ನೋಡಿ ಯಾವ ಪೋರ್ಟುಗಳಿವೆಯೆಂದು ಬರೆದುಕೊಳ್ಳತಕ್ಕದ್ದು. ಈಗಿನ ಕಾರ್ಡುಗಳಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎಂಬಿವೇ ಹೆಚ್ಚಾಗಿರುತ್ತವೆ; ವಿಜಿಎ ಮಾತ್ರವುಳ್ಳ ಹಳೆಯ ಮಾನಿಟರಿಗೆ ಪರಿವರ್ತಕವೊಂದು ಬೇಕಾಗುವುದು. ಪ್ರೊಸೆಸರಿನೊಳಗೇ ಚಿತ್ರ ಬರೆಯುವ ಶಕ್ತಿಯಿದ್ದರೆ ಬದಿಯ ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೆ ಜೋಡಿಸಲೂಬಹುದು. ಆದರೆ ಆಟದ ಮಾನಿಟರಿನ ಕೇಬಲ್ಲು ಕಾರ್ಡಿಗೇ ಹೋಗಬೇಕು. ಇದನ್ನು ಮರೆತು, ಹೊಸ ಕಾರ್ಡು ನಿಷ್ಪ್ರಯೋಜಕವೆಂದು ದೂರುವವರೂ ಉಂಟು.

ವಿದ್ಯುತ್ತಿನ ಲೆಕ್ಕವು ಇಷ್ಟು: ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್, ಆರು ಪಿನ್ನಿನ ತಂತಿಯಿಂದ ಮತ್ತೆ 75, ಎಂಟು ಪಿನ್ನಿನದರಿಂದ 150. ತಯಾರಕರು ಹೇಳಿದಷ್ಟು ವ್ಯಾಟಿನ ಪವರ್ ಸಪ್ಲೈಯೂ ಬೇಕಾದ ತಂತಿಗಳೂ ನಮ್ಮಲ್ಲಿವೆಯೇ ಎಂದು ಪರೀಕ್ಷಿಸಬೇಕು. ಹೊಸ ದೊಡ್ಡ ಕಾರ್ಡುಗಳ ಹದಿನಾರು ಪಿನ್ನಿನ ತಂತಿಯನ್ನು ಪೂರ್ಣವಾಗಿ ಒಳಕ್ಕೆ ಒತ್ತದೆ ಬಿಡಬಾರದು. ಅರೆಬರೆ ಕೂತು ಅದು ಕರಗಿದ ಪ್ರಸಂಗಗಳು 2022ರಲ್ಲಿ ಪ್ರಕಟವಾದವು. ಕಾರ್ಡಿನ ಉದ್ದವನ್ನೂ ದಪ್ಪವನ್ನೂ ಕ್ಯಾಬಿನೆಟ್ಟಿನೊಳಗಿನ ಸ್ಥಳದೊಡನೆ ಅಳೆಗೋಲಿನಿಂದ ಹೋಲಿಸುವುದಕ್ಕೆ ಐದು ನಿಮಿಷವೂ ಬೇಡ.

ನಮ್ಮ ಕರಾವಳಿಗೆ ವಿಶೇಷವಾದ ಒಂದು ಮಾತಿದೆ. ಶರಾವತಿ, ಅಘನಾಶಿನಿ ನದಿಗಳು ಕಡಲನ್ನು ಸೇರುವ ಈ ಸೀಮೆಯ ಗಾಳಿಯಲ್ಲಿ ತೇವವೂ ಉಪ್ಪೂ ಕೂಡಿರುತ್ತವೆ. ಲೋಹದ ತುದಿಗಳಿಗೆ ಇವು ಶತ್ರುಗಳು. ಧೂಳಿನೊಡನೆ ಸೇರಿದರೆ ಕಾರ್ಡಿನ ಫ್ಯಾನುಗಳಿಗೂ ಬಾಧಕವೇ. ಯಂತ್ರವನ್ನು ಕಡಲಗಾಳಿ ನೇರವಾಗಿ ಬೀಸುವ ಕಿಟಕಿಯ ಬಳಿ ಇಡಬಾರದು. ಮಳೆಗಾಲದಲ್ಲಿ ಬಹುದಿನ ಮುಚ್ಚಿಡದೆ ಆಗಾಗ ನಡಿಸುವುದು ಹಿತ. ಗುಡುಗು ಸಿಡಿಲಿನ ದಿನ ಪ್ಲಗ್ಗನ್ನು ಕಳಚಿಡಬೇಕು. ಯು.ಪಿ.ಎಸ್. ಇರುವವರು ಅದರ ಬಲವನ್ನೂ ನೋಡತಕ್ಕದ್ದು, 600 ವಿ.ಎ. ಎಂದು ಬರೆದಿರುವ ಅನೇಕವು ಸುಮಾರು 360 ವ್ಯಾಟನ್ನು ಮಾತ್ರ ಹೊರಬಲ್ಲವು.

ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳಿಂದ ತರಿಸಿದ ವಸ್ತುವನ್ನು ಹಿಂದಕ್ಕೆ ಕಳುಹಿಸುವುದು ಸುಲಭವಲ್ಲ. ಆದುದರಿಂದ ಚುಕ್ಕೆಗಳ ಲೆಕ್ಕ, ಪೋರ್ಟುಗಳು, ವ್ಯಾಟುಗಳು, ಉದ್ದಳತೆ ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಯವರೊಡನೆ ಮಾತಾಡಿರಿ. ಆ ಚೀಟಿಯನ್ನು ಬೇಡುವ ಮಗುವಿನ ಕೈಯಿಂದಲೇ ಬರೆಯಿಸಿರಿ. ಕಳೆದ ರಜೆಯಲ್ಲಿ ನಮ್ಮ ಮಗಳು ನೆರೆಮನೆಯವರಿಗೆ ಇಂಥದೊಂದು ಚೀಟಿಯನ್ನು ಬರೆದುಕೊಟ್ಟಳು. ಅಳೆದು ನೋಡಲಾಗಿ ಅವರಿಗೆ ಹೊಸ ಕಾರ್ಡೇ ಬೇಕಾಗಿರಲಿಲ್ಲ. ಕೇಬಲ್ಲೊಂದನ್ನು ತಕ್ಕ ಪೋರ್ಟಿಗೆ ಸಿಕ್ಕಿಸಿದ್ದೇ ಸಾಕಾಯಿತು.